ಮುಕ್ಕಣ್ಣನಿಗೆ ನಾವು ಮಾಡಿದ ತಿಥಿ

ಕಳೆದ ತಿಂಗಳು ಪರೀಕ್ಷೆ ಕೆಲಸದ ಮೇಲೆ ಬೇಲೂರಿಗೆ ಹೋಗಬೇಕಾಗಿತ್ತು. ಅರಸೀಕೆರೆಯಲ್ಲಿ ಹತ್ತಿದ ಬಸ್ಸು ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ ಬಂದು ಕೆಟ್ಟು ನಿಂತಿತು. ಇನ್ನೊಂದು ಬಸ್ಸಿಗೆ ಕಾಯುತ್ತ ನಿಂತಿದ್ದವಳಿಗೆ ಉದ್ದಿನ ವಡೆ ಕರಿಯುವ ವಾಸನೆ ಬಂತು. ಹೋಟೆಲಿನದಲ್ಲ. ಹೋಟೆಲಿನ ಎಣ್ಣೆ ಹಳತಾಗಿರುತ್ತದೆ, ದೂರದಿಂದಲೇ ತಿಳಿಯುತ್ತದೆ. ಇದು ಹೊಸ ಎಣ್ಣೆ, ದೊಡ್ಡ ಬಾಣಲೆ. ತಿರುಗಿ ನೋಡಿದರೆ ರಸ್ತೆಯಾಚೆಯ ಸಮುದಾಯ ಭವನದ ಮುಂದೆ ಶಾಮಿಯಾನ ಹಾಕಿದ್ದರು. ತಲೆ ಬೋಳಿಸಿಕೊಂಡ ಇಬ್ಬರು ಅಣ್ಣತಮ್ಮಂದಿರು ಬಾಗಿಲಲ್ಲಿ ನಿಂತು ಬಂದವರನ್ನು ಊಟಕ್ಕೆ ಕರೆಯುತ್ತಿದ್ದರು. ಯಾರದೋ ತಿಥಿ.

ಎಂಟು ವರ್ಷದ ಹಿಂದೆ ಅದೇ ಭವನದಲ್ಲಿ ನಾವೂ ಒಂದು ತಿಥಿ ಮಾಡಿದ್ದೆವು. ನಮ್ಮ ತಿಥಿಯಲ್ಲಿ ಸತ್ತವನು ಹುಟ್ಟಿಯೇ ಇರಲಿಲ್ಲ. ಅವನು ಒಂದು ಕಾದಂಬರಿಯ ಪಾತ್ರ.

ಆ ಕಾದಂಬರಿಯ ಹೆಸರು ‘ಹಳೇಬೀಡಿನ ಹೊಸಬ’. ಬರೆದವರು ಮಾದಿಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ಸಿದ್ದಪ್ಪ ಮೇಷ್ಟ್ರು. ಅವರು ಬರೆದದ್ದು ಅದೊಂದೇ. ಬೇರೆ ಲೋಕದಿಂದ ಒಬ್ಬ ಭೂಮಿಯನ್ನು ನೋಡಿ ವರದಿ ಒಪ್ಪಿಸಲು ಬರುತ್ತಾನೆ. ಅವನಿಗೆ ತನ್ನದೆಂಬ ಆಕಾರವಿಲ್ಲ. ಇಳಿದ ಕಡೆ ಮೊದಲು ಕಂಡ ಮನುಷ್ಯನ ರೂಪ ತಾಳಬೇಕು, ತಾಳಿದ ಮೇಲೆ ಬದಲಾಯಿಸುವಂತಿಲ್ಲ. ಅವನು ಹಳೇಬೀಡಿನ ದೇವಸ್ಥಾನದ ಹಿಂಭಾಗದಲ್ಲಿ ಇಳಿಯುತ್ತಾನೆ, ಪ್ರವಾಸಿಗಳು ಬರುವುದಕ್ಕೆ ಮೊದಲು. ಮನುಷ್ಯನೆಂದು ಅವನ ಕಣ್ಣಿಗೆ ಮೊದಲು ಬಿದ್ದದ್ದು ಗೋಡೆಯ ಮೇಲಿನ ಒಂದು ವಿಗ್ರಹ, ಬಲಗೈ ಮುರಿದು ಮೂಗು ಮುಕ್ಕಾದದ್ದು. ಹಾಗಾಗಿ ಅವನಿಗೂ ಒಂದು ಕೈಯಿಲ್ಲ, ಅರ್ಧ ಮೂಗು. ಊರಿನವರು ಮುಕ್ಕಣ್ಣ ಎಂದು ಕರೆದರು. ಶಿವನ ಹೆಸರಿಟ್ಟಂತೆಯೂ ಆಯಿತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಂತೆಯೂ ಆಯಿತು. ಗಂಗಮ್ಮ ಎಂಬ ಹೆಂಗಸು ಅವನಿಗೆ ತನ್ನ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟು, ಕೈಯಿಲ್ಲದವನೆಂದು ಪಿಂಚಣಿಗೆ ಅರ್ಜಿ ಹಾಕಿಸುತ್ತಾಳೆ. ಕೈ ಯಾವಾಗ ಹೋಯಿತು ಎಂದು ತಾಲ್ಲೂಕು ಕಚೇರಿಯ ಗುಮಾಸ್ತ ಕೇಳಿದರೆ ಮುಕ್ಕಣ್ಣ ನಿಜವನ್ನೇ ಹೇಳುತ್ತಾನೆ: ಆರೇಳುನೂರು ವರ್ಷದ ಹಿಂದೆ. ಗುಮಾಸ್ತ ತಲೆಯೆತ್ತದೆ ಬರೆಯುತ್ತಾನೆ: ಅರ್ಜಿ ತಡವಾಗಿ ಬಂದಿದೆ.

ನಾನು ಅದನ್ನು ಓದಿದ್ದು ಪಿಯುಸಿಯಲ್ಲಿ ಗಣಿತ ಫೇಲಾಗಿ ಮನೆಯಲ್ಲಿ ಕೂತಿದ್ದ ಬೇಸಗೆಯಲ್ಲಿ. ಅಪ್ಪ ಎರಡು ತಿಂಗಳಿಂದ ನನ್ನ ಜೊತೆ ಮಾತು ಬಿಟ್ಟಿದ್ದರು. ಪುಸ್ತಕ ಅಷ್ಟು ಹೊತ್ತಿಗೆ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಗೆಳತಿಯೊಬ್ಬಳು ಜೆರಾಕ್ಸ್ ಪ್ರತಿ ಕೊಟ್ಟಳು, ಅದರಲ್ಲಿ ಹತ್ತಾರು ಪುಟಗಳ ಬಲತುದಿ ಕಾಣುತ್ತಿರಲಿಲ್ಲ. ಗುಮಾಸ್ತನ ಪುಟಕ್ಕೆ ಬಂದಾಗ ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಅಪ್ಪ ಹೊರಗಿನಿಂದ ಎದ್ದು ಬಂದು ಏನಾಯ್ತೆಂದು ಕೇಳಿದರು. ನಮ್ಮ ಮಾತು ಮತ್ತೆ ಶುರುವಾದದ್ದು ಹಾಗೆ. ಆ ಪುಸ್ತಕದ ಮೇಲೆ ನನಗಿದ್ದದ್ದು ಬರೀ ಮೆಚ್ಚುಗೆಯಲ್ಲ, ಹಕ್ಕು.

ಹೀಗೆ ಹಕ್ಕಿದೆಯೆಂದುಕೊಂಡವರು ನಮ್ಮ ಕಡೆ ಬಹಳ ಜನ ಇದ್ದರು. ನಾನು ಅರಸೀಕೆರೆಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದ ಲೋಕೇಶನ ಪರಿಚಯವಾಯಿತು. ಅವನು ಇಡೀ ಕಾದಂಬರಿಯನ್ನು ಬಾಯಿಪಾಠ ಹೇಳುತ್ತಿದ್ದ. ಫೋನಿನಲ್ಲಿ ‘ಮುಕ್ಕಣ್ಣನ ಬಳಗ’ ಎಂದು ಒಂದು ಗುಂಪು ಮಾಡಿದವನೂ ಅವನೇ. ಕಾದಂಬರಿಯಲ್ಲಿ ಬಸ್ ಕಂಡಕ್ಟರು ಮುಕ್ಕಣ್ಣನನ್ನು “ತಮ್ಮದು ಯಾವೂರಾಯ್ತು?” ಎಂದು ಕೇಳುತ್ತಾನೆ. ಮುಕ್ಕಣ್ಣ, “ಇನ್ನೂ ಆಗಿಲ್ಲ, ಆಗ್ತಾ ಐತೆ” ಎನ್ನುತ್ತಾನೆ. ಬಳಗದವರು ಎಲ್ಲಿ ಸಿಕ್ಕರೂ ನಮಸ್ಕಾರದ ಬದಲು ಇದನ್ನೇ ಹೇಳಿಕೊಳ್ಳುತ್ತಿದ್ದೆವು. ಕೊನೆಯ ಪುಟವಂತೂ ಎಲ್ಲರಿಗೂ ಬರುತ್ತಿತ್ತು. ಮುಕ್ಕಣ್ಣನ ಲೋಕದವರು ದ್ವಾರಸಮುದ್ರದ ಕೆರೆಯ ಮೇಲೆ ಬಂದು ಅವನನ್ನು ಕರೆದುಕೊಂಡು ಹೋಗುತ್ತಾರೆ. ಅವನು ಯಾರಿಗೂ ಹೇಳುವುದಿಲ್ಲ. ಬೆಳಿಗ್ಗೆ ಗಂಗಮ್ಮ ಖಾಲಿ ಕೋಣೆ ನೋಡುತ್ತಾಳೆ. “ಚೊಂಬು ಬಿಟ್ಟೋಗವ್ನೆ, ಪರ್ವಾಗಿಲ್ಲ ಬುಡು” ಎನ್ನುತ್ತಾಳೆ. ಅಷ್ಟೇ, ಮುಗಿಯಿತು.

ಎಂಟು ವರ್ಷದ ಹಿಂದೆ ಅದು ಸಿನಿಮಾ ಆಯಿತು. ಬೆಂಗಳೂರಿನ ಒಬ್ಬ ಹೊಸ ಡೈರೆಕ್ಟರು, ಹೆಸರಿಲ್ಲದ ನಟರು. ಚಿತ್ರ ಬಿಡುಗಡೆಯಾದದ್ದು ಕಾರ್ತಿಕದಲ್ಲಿ. ರಾಗಿ ಹೊಲಗಳ ಅಂಚಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟು ಹಳದಿಯಾಗಿತ್ತು, ಬೆಳಿಗ್ಗೆ ಹತ್ತಾದರೂ ಚಳಿ ಬಿಡುತ್ತಿರಲಿಲ್ಲ. ಮೊದಲ ದಿನದ ಮಧ್ಯಾಹ್ನದ ಆಟಕ್ಕೆ ನಾವು ಇಪ್ಪತ್ತು ಜನ ಒಟ್ಟಿಗೆ ಹೋದೆವು. ಮುಕ್ಕಾಲು ಚಿತ್ರದವರೆಗೂ ನಕ್ಕೆವು, ಮಾತು ಮಾತಿಗೂ ಶಿಳ್ಳೆ ಹಾಕಿದೆವು. ಕೊನೆಗೆ ಬಂದಾಗ ಮುಕ್ಕಣ್ಣ ಕೆರೆಯ ಏರಿಯವರೆಗೆ ಹೋದವನು ತಿರುಗಿ ಬಂದ.

ಪುಸ್ತಕದಲ್ಲಿ ಅದು ಇಲ್ಲ. ಚಿತ್ರದಲ್ಲಿ ಅವನು ಗಂಗಮ್ಮನ ಜಗಲಿಯ ಮೇಲೆ ಕೂರುತ್ತಾನೆ, ಹೋಗ್ತೀನಿ ಎನ್ನುತ್ತಾನೆ. ಅವಳು ಒರಳಿನಿಂದ ಕೈ ತೆಗೆಯದೆ ಹೇಳುತ್ತಾಳೆ: “ಹೋಗ್ತೀನಿ ಅನ್ಬ್ಯಾಡ. ಹೋಗಿ ಬತ್ತೀನಿ ಅನ್ನು. ಬರ್ದೆ ಇದ್ರೂ ಪರ್ವಾಗಿಲ್ಲ, ಅನ್ನು.” ಅವನು ಅನ್ನುತ್ತಾನೆ. ಪಿಟೀಲು ಶುರುವಾಗುತ್ತದೆ.

ನಮ್ಮ ಸಾಲಿನಲ್ಲಿ ಲೋಕೇಶ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕೆವು, ಬೇಕೆಂದೇ, ಜೋರಾಗಿ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ತಿರುಗಿ ನೋಡಿದರು. ಕಣ್ಣು ಒದ್ದೆಯಾಗಿತ್ತು. “ಯಾಕವ್ವ ನಗ್ತೀರಿ? ಅವ್ನು ಹೋಯ್ತಾವ್ನೆ” ಎಂದರು. ಅದನ್ನು ಕೇಳಿ ಇನ್ನೂ ನಕ್ಕೆವು.

ನಮಗೆ ಅಷ್ಟು ಸಿಟ್ಟು ಯಾಕೆ ಬಂತು ಎಂದು ಈಗ ಯೋಚಿಸಿದರೆ ಒಂದೇ ತೋಚುತ್ತದೆ. ಅಳದೆ ಇರುವುದನ್ನು ನಾವು ಆ ಪುಸ್ತಕದಿಂದ ಕಲಿತಿದ್ದೆವು. ಅದನ್ನೇ ತೆಗೆದು ಅಳುವವರ ಕೈಗೆ ಕೊಟ್ಟರೆಂದು ನಮಗೆ ಕಂಡಿತು. ಮರುದಿನದಿಂದ ಬಳಗದವರು ಸರದಿಯ ಮೇಲೆ ಪ್ರತಿ ಆಟಕ್ಕೂ ಹೋಗಿ ಆ ದೃಶ್ಯ ಬಂದಾಗ ನಗತೊಡಗಿದರು. ಹಾಸನದಲ್ಲೂ ತಿಪಟೂರಿನಲ್ಲೂ ಇದ್ದ ಸ್ನೇಹಿತರಿಗೆ ಹೇಳಿದೆವು, ಅವರೂ ನಕ್ಕರು. ಗಂಗಮ್ಮನ ಮಾತನ್ನು ಕತ್ತರಿಸಿ ಕತ್ತೆ, ಹಂದಿ, ರಾಜಕಾರಣಿಗಳ ಬಾಯಿಗೆ ಹಾಕಿ ಹಂಚಿದೆವು. ಗಂಗಮ್ಮನ ಪಾತ್ರ ಮಾಡಿದ್ದ ನಾಟಕದ ಹೆಂಗಸಿನ ಫೋನ್ ನಂಬರ್ ಯಾರಿಗೋ ಸಿಕ್ಕಿತು. ಹುಡುಗರು ಫೋನ್ ಮಾಡಿ “ಹೋಗಿ ಬತ್ತೀನಿ” ಎಂದು ಇಡುತ್ತಿದ್ದರು. ಒಂದು ವಾರದಲ್ಲಿ ಆಕೆ ನಂಬರ್ ಬದಲಾಯಿಸಿದಳು. ಅದೇ ವಾರ ಅರಸೀಕೆರೆಯ ಟಾಕೀಸಿನಿಂದ ಚಿತ್ರ ಎತ್ತಿದರು. ಲೋಕೇಶ ಅಂಗಡಿ ಮುಂದೆ ಎಲ್ಲರಿಗೂ ಮೈಸೂರು ಪಾಕು ಹಂಚಿದ.

ತಿಥಿ ಮಾಡೋಣ ಎಂಬ ಯೋಚನೆ ಅವನದು. ಕಾರ್ಡು ಬರೆದವಳು ನಾನು. ಬಿಡುಗಡೆಯಾದ ಹನ್ನೊಂದನೇ ದಿನಕ್ಕೆ ಸರಿಯಾಗಿ, ಕಪ್ಪು ಅಂಚು ಹಾಕಿ: “ನಮ್ಮ ಪೂಜ್ಯರಾದ ಮುಕ್ಕಣ್ಣನವರು ಚಲನಚಿತ್ರವೊಂದರಲ್ಲಿ ಅಪಘಾತಕ್ಕೀಡಾಗಿ ದೈವಾಧೀನರಾದ ಪ್ರಯುಕ್ತ ಹಳೇಬೀಡಿನಲ್ಲಿ ತಿಥಿ ಏರ್ಪಡಿಸಿದ್ದು, ತಾವು ಆಗಮಿಸಿ ಮೃತರ ಆತ್ಮಕ್ಕೆ ಶಾಂತಿ ಕೋರಬೇಕಾಗಿ ವಿನಂತಿ. ದುಃಖತಪ್ತರು: ಓದಿದವರು.” ಲೋಕೇಶ ಅದನ್ನು ಓದಿ ಕೌಂಟರಿನ ಮೇಲೆ ತಲೆಯಿಟ್ಟು ನಕ್ಕ. “ಶೈಲಕ್ಕ, ಮೇಷ್ಟ್ರೂ ಇಂಗ್ ಬರಿಯಕ್ಕಾಗಲ್ಲ ಕಣಕ್ಕ” ಎಂದ. ನನಗೆ ಆ ಮಾತು ಎಷ್ಟು ಹಿತವಾಯಿತೆಂದರೆ, “ಹಾಗಾದ್ರೆ ಅವರಿಗೂ ಒಂದು ಕಳಿಸೋಣ” ಎಂದೆ. ಅವರು ರಿಟೈರಾಗಿ ಬೇಲೂರಿನಲ್ಲಿ ಮಗಳ ಜೊತೆ ಇದ್ದರು. ವಿಳಾಸ ನಾನೇ ಬರೆದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಅದೇ ವರ್ಷ ಮುಂಗಾರಿನಲ್ಲಿ ಮೇಷ್ಟ್ರ ಹೆಂಡತಿ ಜಯಮ್ಮ ತೀರಿಕೊಂಡಿದ್ದರು. ಬಳಗದಲ್ಲಿ ಸುದ್ದಿ ಬಂದಾಗ ನಾನೂ ಎಲ್ಲರಂತೆ ಕೈಮುಗಿದ ಚಿತ್ರ ಹಾಕಿದ್ದೆ. ಮರೆತಿರಲಿಲ್ಲ. ಕಾರ್ಡಿನ ಮೇಲೆ ವಿಳಾಸ ಬರೆಯುವಾಗಲೂ ನೆನಪಿತ್ತು. ಪೋಸ್ಟ್ ಡಬ್ಬಿಗೆ ಹಾಕಿದೆ.

ಅವರು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಭವನದಲ್ಲಿ ನಲವತ್ತು ಜನ ಸೇರಿದ್ದೆವು. ಮುಕ್ಕಾದ ವಿಗ್ರಹದ ಫೋಟೋಗೆ ಹಾರ ಹಾಕಿ, ಮುಂದೆ ಬಾಳೆಎಲೆಯಲ್ಲಿ ಎಡೆ ಇಟ್ಟಿದ್ದೆವು: ವಡೆ, ಪಾಯಸ, ಕಜ್ಜಾಯ, ಪಕ್ಕದಲ್ಲಿ ಒಂದು ಸಿನಿಮಾ ಟಿಕೆಟ್. ಹಿಂದುಗಡೆ ಅಡುಗೆಯವರು ವಡೆ ಕರಿಯುತ್ತಲೇ ಇದ್ದರು. ಆಗ ಬಾಗಿಲಲ್ಲಿ ಬಿಳಿ ಪಂಚೆ, ಮೇಲೊಂದು ಸ್ವೆಟರ್, ಕೈಯಲ್ಲಿ ನಮ್ಮ ಕಾರ್ಡು ಹಿಡಿದ ಮೇಷ್ಟ್ರು ನಿಂತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಬಂದರು. ಫೋಟೋ ಮುಂದೆ ನಿಂತು, ತಟ್ಟೆಯಿಂದ ಒಂದು ಹೂ ತೆಗೆದು ಹಾಕಿ, ಕೈ ಮುಗಿದರು. ಅಭ್ಯಾಸಬಲವೋ ಏನೋ. ಹಿಂದೆ ಕೆಲವರು ಕಿಸಕ್ಕೆಂದರು. ಲೋಕೇಶ ಓಡಿಹೋಗಿ ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ.

ನಾನು ಬರೆದುಕೊಂಡು ಹೋಗಿದ್ದ ಚರಮಗೀತೆಯನ್ನು ಓದಿದೆ. ಮೇಷ್ಟ್ರ ಶೈಲಿಯಲ್ಲೇ ಬರೆದದ್ದು. ಅವರು ಎದುರಿಗಿದ್ದಾರೆಂದು ನಾನು ಒಂದು ಸಾಲನ್ನೂ ಬಿಡಲಿಲ್ಲ; ಇನ್ನೂ ಒತ್ತಿ ಓದಿದೆ. “ಕಂಡಕ್ಟರು ಕೇಳಿದ, ತಮ್ಮದು ಯಾವೂರಾಯ್ತು? ಮುಕ್ಕಣ್ಣ ಹೇಳಿದ, ಗಾಂಧಿನಗರ.” ಭವನ ಹಾರಿಹೋಗುವಂತೆ ನಕ್ಕರು. ಮೇಷ್ಟ್ರೂ ನಕ್ಕರು. ಒಂದೆರಡು ಕಡೆ ಚೆನ್ನಾಗಿದೆ ಎಂಬಂತೆ ತಲೆಯನ್ನೂ ಆಡಿಸಿದರು. ಗಂಗಮ್ಮನ ಮಾತನ್ನು ನಾನು ಮೂಗೆಳೆದುಕೊಂಡು ಅಣಕಿಸಿ ಓದಿದಾಗ ಮಾತ್ರ ಅವರು ಕೈಯಲ್ಲಿದ್ದ ಕಾರ್ಡನ್ನು ನೋಡುತ್ತ ಕೂತರು.

ಲೋಕೇಶ ಮೈಕನ್ನು ಅವರ ಕೈಗೆ ಕೊಟ್ಟ. “ನಿಮ್ ಮಗನ್ನ ಕೊಂದವ್ರ ಬಗ್ಗೆ ಎರಡು ಮಾತು ಹೇಳಿ ಮೇಷ್ಟ್ರೇ.”

ಮೇಷ್ಟ್ರು ಎದ್ದು ನಿಂತರು. “ಆ ಡೈರೆಕ್ಟರ್ ಹುಡುಗನ್ನ ಬಯ್ಬೇಡಿ,” ಎಂದರು. “ಪುಸ್ತಕದಲ್ಲಿ ಇದ್ದಂಗೇ ಇರ್ಲಿ ಸಾರ್ ಅಂತ ಅವನು ಕೇಳ್ಕೊಂಡ. ನಾನು ಒಪ್ಲಿಲ್ಲ. ಆ ಕೊನೆ ಬರೆದಿದ್ದು ನಾನೇ. ನಮ್ಮನೆಯವರಿಗೆ ಮೊದಲಿನ ಕೊನೆ ಹಿಡಿಸಿರ್ಲಿಲ್ಲ. ಹೇಳ್ದೆ ಕೇಳ್ದೆ ಎದ್ದು ಹೋಗೋದ್ರಲ್ಲಿ ನಗೋದು ಏನೈತೆ ಅಂತ ಕೇಳೋಳು. ಇಪ್ಪತ್ತು ವರ್ಷ ಅವಳು ಹಂಗಂದಾಗೆಲ್ಲ ನಾನು ನಕ್ಕೆ. ಈಗ ಅವಳೂ ಹಂಗೇ ಹೋದ್ಳು. ಸ್ನಾನಕ್ಕೆ ಅಂತ ಹೋದೋಳು.” ಮೈಕನ್ನು ಕುರ್ಚಿಯ ಮೇಲೆ ಇಟ್ಟರು.

ಆಗ ನಾವು ಸುಮ್ಮನಿದ್ದಿದ್ದರೆ ಸಾಕಿತ್ತು. ಲೋಕೇಶ ಮೈಕು ಎತ್ತಿಕೊಂಡು ಹೇಳಿದ: “ಹಂಗಾದ್ರೆ ಇನ್ನೊಂದು ಎಡೆ ಇಡ್ಬೇಕಾಗಿತ್ತಲ್ಲ ಮೇಷ್ಟ್ರೇ.”

ಮೊದಲು ನಕ್ಕವಳು ನಾನು. ತಡೆಯಲಾರದೆ ಬಂದ ನಗು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಒಂದು ಕ್ಷಣ ಯೋಚಿಸಿದೆ, ಅವರ ಮುಖ ನೋಡಿದೆ, ಆಮೇಲೆ ನಕ್ಕೆ. ನಾನು ನಕ್ಕಿದ್ದರಿಂದ ಎಲ್ಲರೂ ನಕ್ಕರು.

ಮೇಷ್ಟ್ರು ನಮ್ಮ ಜೊತೆ ಪಂಕ್ತಿಯಲ್ಲಿ ಕೂತು ಊಟ ಮಾಡಿದರು. ಬಡಿಸುವವನಿಗೆ ವಡೆ ಚೆನ್ನಾಗಿದೆ ಎಂದರು. ನಾವು ಕೈ ತೊಳೆದು ಬರುವಷ್ಟರಲ್ಲಿ ಅವರು ಇರಲಿಲ್ಲ. ಯಾರಿಗೂ ಹೇಳದೆ ಹೋಗಿದ್ದರು. “ಪುಸ್ತಕದಲ್ಲಿ ಇದ್ದಂಗೇ ಹೋದ್ರು ನೋಡ್ರಪ್ಪ” ಎಂದು ಯಾರೋ ಅಂದರು. ಆ ಮಾತಿನ ಸಮೇತ ಇಡೀ ತಿಥಿಯ ವಿಡಿಯೋ ಸಂಜೆಯೊಳಗೆ ಊರೂರು ಸುತ್ತಿತು. ಜನ ನನ್ನ ಚರಮಗೀತೆಯನ್ನು ಹೊಗಳಿದರು. ಕಾಲೇಜಿನ ಪ್ರಿನ್ಸಿಪಾಲರು ಕರೆದು ಬೆನ್ನು ತಟ್ಟಿದರು. ಆ ಒಂದು ತಿಂಗಳು ನಾನು ಬೀದಿಯಲ್ಲಿ ತಲೆಯೆತ್ತಿ ನಡೆದೆ.

ಮಾರ್ಗಶಿರ ಕಳೆದು ಸಂಕ್ರಾಂತಿಗೆ ಎರಡು ವಾರ ಇದ್ದಾಗ ಆಫೀಸಿಗೆ ನನ್ನ ಹೆಸರಿಗೆ ಒಂದು ಲಕೋಟೆ ಬಂತು. ಒಳಗೆ ನನ್ನ ಚರಮಗೀತೆ. ಮೇಷ್ಟ್ರು ವಿಡಿಯೋ ನೋಡಿ ಪೂರ್ತಿಯನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಿದ್ದರು, ಕಾರ್ಡನ್ನೂ ಜೊತೆಗಿಟ್ಟಿದ್ದರು. ಕಾರ್ಡಿನ ಹಿಂದೆ ನಾನು ಪೆನ್ನಿನಲ್ಲಿ ‘ಶ್ರಾದ್ದದ ಊಟ ತಪ್ಪಿಸಬೇಡಿ’ ಎಂದು ಬರೆದಿದ್ದೆ. ಅದರಲ್ಲಿ ಶ್ರಾದ್ಧ ತಪ್ಪಾಗಿತ್ತು. ಕೆಂಪು ಶಾಯಿಯಲ್ಲಿ ತಿದ್ದಿದ್ದರು. ಗೀತೆಯ ಕೆಳಗೆ ಹತ್ತಕ್ಕೆ ಒಂಬತ್ತು ಅಂಕ. ಅದರ ಕೆಳಗೆ: “ಬೇಲೂರಿಗೆ ಬಂದಾಗ ಮನೆಗೆ ಬಾ.”

ಅದನ್ನು ಯಾರಿಗೂ ತೋರಿಸಲಿಲ್ಲ. ಮುಂದಿನ ಭಾನುವಾರ ಹೋದೆ.

ಬಾಗಿಲು ತೆಗೆದವರು ಅವರ ಮಗಳು ಸುಧಾ. ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು, ನನ್ನದೇ ವಯಸ್ಸು. ನನ್ನ ಗುರುತು ಸಿಕ್ಕಿತು; ವಿಡಿಯೋದಲ್ಲಿ ನೋಡಿದ್ದರು. ಒಳಗೆ ಬನ್ನಿ ಎನ್ನಲಿಲ್ಲ. “ಅಪ್ಪ, ನಿಮ್ಮ ಅಭಿಮಾನಿ ಬಂದವ್ರೆ” ಎಂದು ಕೂಗಿ, ನನ್ನ ಪಕ್ಕದಿಂದಲೇ ಹಾದು ಡ್ಯೂಟಿಗೆ ಹೊರಟುಹೋದರು.

ಮೇಷ್ಟ್ರು ನಡುಮನೆಯಲ್ಲಿ ಚಾಪೆ ಮೇಲೆ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದರು. “ಬಾರಮ್ಮ,” ಎಂದು ಪಾತ್ರೆಯನ್ನು ನನ್ನ ಕಡೆಗೂ ಸರಿಸಿದರು. ಕ್ಷಮೆ ಕೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ಬಾಯಿ ತೆರೆಯಲು ಬಿಡಲಿಲ್ಲ.

“ಎರಡನೇ ಭಾಗ ಮುಗಿಸಿದ್ದೀನಿ,” ಎಂದರು. “ಬರೆದಿಲ್ಲ. ತಲೇಲಿ ಐತೆ. ಹೇಳ್ತೀನಿ ಕೇಳು.”

ಎರಡನೇ ಭಾಗಕ್ಕಾಗಿ ನಾವು ಎಷ್ಟು ವರ್ಷ ಕಾದಿದ್ದೆವೆಂದು ಅವರಿಗೆ ಗೊತ್ತಿತ್ತು. ಮೂರು ಗಂಟೆ ಹೇಳಿದರು. ಕಾಳಿನ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಗುಡ್ಡೆಯಾಗುತ್ತ ಹೋಯಿತು. ಮೊದಲನೆಯದಕ್ಕಿಂತ ಇದು ಚೆನ್ನಾಗಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬಂತು, ಒಂದು ಸಲ ಸಾಕು ಮೇಷ್ಟ್ರೇ ಸ್ವಲ್ಪ ತಡೀರಿ ಎಂದು ಕೈ ಮುಗಿದೆ. ಅವರು ತಡೆಯಲಿಲ್ಲ. ಅವರ ಮುಖದಲ್ಲಿ ಮಾತ್ರ ನಗುವಿರಲಿಲ್ಲ. ಕಥೆ ಅರ್ಧಕ್ಕೆ ಬಂದಾಗ ಏನೋ ಕಡಿಮೆಯಿದೆ ಅನ್ನಿಸಿತು.

“ಗಂಗಮ್ಮ ಎಲ್ಲಿ ಮೇಷ್ಟ್ರೇ?”

“ಇಲ್ಲ. ತೆಗೆದೆ.”

“ಯಾಕೆ?”

“ನೀವೆಲ್ಲ ನಕ್ಕಿರಲ್ಲ,” ಎಂದರು. “ಗಂಗಮ್ಮನ ಮಾತು ಒಂದೂ ನನ್ನದಲ್ಲ ಕಣಮ್ಮ. ಮೊದಲನೇ ಪುಸ್ತಕದಲ್ಲೂ ಅಲ್ಲ, ಸಿನಿಮಾದಲ್ಲೂ ಅಲ್ಲ. ನಮ್ಮನೆಯವಳು ಅಡುಗೆಮನೇಲಿ ಆಡಿದ್ದು, ನಾನು ಈಚೆ ಕೂತು ಬರ್ಕೊಂಡಿದ್ದು. ಹೋಗ್ತೀನಿ ಅನ್ಬ್ಯಾಡ ಅಂತ ನನಗೇ ಅಂತಿದ್ಳು, ದಿನಾ ಸ್ಕೂಲಿಗೆ ಹೊರಟಾಗ.”

ನಾನು ಹಿತಕುವುದನ್ನು ನಿಲ್ಲಿಸಿದೆ. ಅವರು ನಿಲ್ಲಿಸಲಿಲ್ಲ. ಉಳಿದ ಕಥೆಯನ್ನೂ ಹೇಳಿದರು. ಅದರಲ್ಲಿ ಯಾರಿಗೂ ಯಾರ ಮೇಲೂ ಕರುಣೆಯಿರಲಿಲ್ಲ. ಆದರೂ ನಗು ಬರುತ್ತಿತ್ತು. ನಾನು ನಗುತ್ತಲೇ ಇದ್ದೆ. ಅದೇ ಅವರಿಗೆ ಬೇಕಾಗಿತ್ತು ಎಂದು ತೋರುತ್ತದೆ.

ಮುಗಿದ ಮೇಲೆ ಹೇಳಿದರು: “ಇದನ್ನ ನಾನು ಬರೆಯಲ್ಲ. ನೀನೂ ಯಾರಿಗೂ ಹೇಳ್ಬಾರ್ದು. ಭಾಷೆ ಕೊಡು.”

“ನನಗೇ ಯಾಕೆ ಹೇಳಿದ್ರಿ ಮೇಷ್ಟ್ರೇ?”

“ಅವತ್ತು ಎಲ್ಲರಿಗಿಂತ ಮೊದ್ಲು ನಕ್ಕಿದ್ದು ನೀನು. ಚೆನ್ನಾಗಿ ನಗ್ತೀಯ. ಒಬ್ಬಳೇ ನಗ್ತಾ ಇರು.”

ಭಾಷೆ ಕೊಟ್ಟೆ. ಕೊಡದೆ ಬರಲು ನನಗೆ ಧೈರ್ಯವಿರಲಿಲ್ಲ. ಆಗಲಾದರೂ ತಪ್ಪಾಯಿತು ಎನ್ನಲು ಹೋದೆ. “ಅದೆಲ್ಲ ಬೇಡ. ಬಸ್ಸಿಗೆ ಹೊತ್ತಾಯ್ತು, ಕೈ ತೊಳ್ಕೊ” ಎಂದರು.

ಶಿವರಾತ್ರಿ ಕಳೆದು ಎಂಟು ದಿನಕ್ಕೆ ಮೇಷ್ಟ್ರು ತೀರಿಕೊಂಡರು. ಹೃದಯ ನಿಂತಿತು ಅಂದರು. ಬಳಗದಲ್ಲಿ ಆ ದಿನವೆಲ್ಲ ಅವರದೇ ಮಾತು. ಅವರ ಕಾಲಿಗೆ ಬಿದ್ದು ಆಶೀರ್ವಾದ ಪಡೆದ ಕಥೆಗಳನ್ನು ತಿಥಿಗೆ ಬಂದು ನಕ್ಕವರೇ ಬರೆದರು. ಲೋಕೇಶ ಬೇಲೂರಿನಲ್ಲಿ ನುಡಿನಮನ ಇಟ್ಟುಕೊಂಡ. ಬಿಸಿಲು ಏರಿತ್ತು. ಮಾತಾಡುತ್ತ ಅವನು ನಿಜವಾಗಿಯೂ ಅತ್ತ. ಅದು ನಟನೆ ಎಂದು ನಾನು ಹೇಳುವುದಿಲ್ಲ. ಕೊನೆಗೆ ಎಲ್ಲರನ್ನೂ ಕೇಳಿದ: “ಎರಡನೇ ಭಾಗ ಇತ್ತು ಅಂತಾರೆ. ಯಾರಿಗಾದ್ರೂ ಏನಾದ್ರೂ ಗೊತ್ತಾ? ಶೈಲಕ್ಕ, ನೀವು ಹೋಗಿದ್ರಂತಲ್ಲ ಮನೆಗೆ?”

ಮುಂದಿನ ಸಾಲಿನಲ್ಲಿ ಕೂತಿದ್ದ ಸುಧಾ ತಿರುಗಿ ನನ್ನನ್ನು ನೋಡಿದರು.

“ಗೊತ್ತಿಲ್ಲ,” ಎಂದೆ.

ಕಾರ್ಯಕ್ರಮ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಕಡೆ ಹೊರಟೆ. ಆಸ್ಪತ್ರೆಯ ದಾರಿಯೂ ಅದೇ. ಸುಧಾ ಹಿಂದಿನಿಂದ ಬಂದು ಸರಿಸಮ ನಡೆಯತೊಡಗಿದರು. ನಾನೇ ಮಾತು ತೆಗೆದೆ. ಅವತ್ತಿನ ತಿಥಿಯಿಂದಲೇ ಮೇಷ್ಟ್ರಿಗೆ ಹೀಗಾಯಿತೇನೋ, ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ ಎಂದೇನೋ ಅಂದೆ.

“ನೀವೇನು ಸಾಯಿಸ್ಲಿಲ್ಲ,” ಎಂದರು ಸುಧಾ. “ಅವರಿಗೆ ಹಾರ್ಟಿಂದು ಮೊದಲೇ ಇತ್ತು. ಅಷ್ಟು ದೊಡ್ಡವರಲ್ಲ ನೀವು.”

ಹೆಗಲಿನ ಬ್ಯಾಗನ್ನು ಕೈಗೆ ತೆಗೆದುಕೊಂಡು ಅವರೇ ಮತ್ತೆ ಮಾತಾಡಿದರು.

“ಅವತ್ತು ನಿಮಗೆ ಪೂರ್ತಿ ಹೇಳಿದ್ರು ಅಂತ ಗೊತ್ತು. ನಾನೂ ಕೇಳ್ದೆ, ನಂಗೆ ಹೇಳಿ ಅಪ್ಪ ಅಂತ. ನೀನು ನಗಲ್ಲ ಬಿಡು ಅಂದ್ರು. ಸಾಯೋವರೆಗೂ ಹೇಳ್ಲಿಲ್ಲ.” ಅವರ ದನಿ ಏರಲಿಲ್ಲ. “ನೀವು ಭಾಷೆ ಕೊಟ್ಟಿದ್ದೀರಿ ಅಂತಾನೂ ಗೊತ್ತು. ಕಥೆ ಬೇಡ ನಂಗೆ. ಒಂದು ಹೇಳಿ. ಅದರಲ್ಲಿ ಅಮ್ಮ ಇದ್ದಾರಾ?”

ಬಸ್ ಸ್ಟ್ಯಾಂಡು ಬಂದಿತ್ತು. ನಾನು ಫಲಕದ ಮೇಲಿನ ಊರುಗಳ ಹೆಸರು ಓದಿದೆ. ಹಗರೆ, ಹಾಸನ, ಚಿಕ್ಕಮಗಳೂರು. ಆಮೇಲೆ ಹೇಳಿದೆ: “ಇದ್ದಾರೆ.”

“ಏನ್ ಮಾಡ್ತಾರೆ?”

ಅದು ಅಲ್ಲಿಗೆ ಮುಗಿಯುತ್ತದೆಂದು ನಾನು ಅಂದುಕೊಂಡಿದ್ದೆ. ಅವರು ಬ್ಯಾಗನ್ನು ಎದೆಗೆ ಒತ್ತಿಕೊಂಡು ಕಾಯುತ್ತಿದ್ದರು. ಎದುರಿಗೆ ಹಾಸನದ ಬಸ್ಸು ಬಂದು ನಿಂತಿತು, ಜನ ಕಿಟಕಿಗಳಿಗೆ ಮುತ್ತಿಕೊಂಡರು.

“ಮುಕ್ಕಣ್ಣ ವಾಪಸ್ ಬರ್ತಾನೆ,” ಎಂದೆ. “ಬೇಲೂರು ಬಸ್ ಸ್ಟ್ಯಾಂಡಿಗೆ. ಒಂದೇ ಕೈ, ಈ ರಶ್ಶಲ್ಲಿ ಹತ್ತಕ್ಕಾಗಲ್ಲ ಅವನಿಗೆ. ಗಂಗಮ್ಮ ಮೊದಲೇ ಹತ್ತಿ ಕೂತಿರ್ತಾರೆ. ಅವನು ಯಾವತ್ತು ಬರ್ತಾನೆ ಅಂತ ಗೊತ್ತಿರಲ್ಲ, ದಿನಾ ಬಂದು ಹತ್ತಿ, ಪಕ್ಕದ ಸೀಟಿಗೆ ಕರ್ಚೀಫ್ ಹಾಕಿ, ಬಸ್ ಹೊರಡೋವರೆಗೂ ಕೂತಿದ್ದು ಇಳಿದು ಹೋಗ್ತಿರ್ತಾರೆ.”

ಸುಧಾ ನನ್ನ ಮುಖವನ್ನೇ ನೋಡುತ್ತಿದ್ದರು. ಜ್ವರ ಇಲ್ಲ ಎನ್ನುವ ರೋಗಿಯನ್ನು ನರ್ಸುಗಳು ನೋಡುವ ಹಾಗೆ.

“ಅಮ್ಮ ಕರ್ಚೀಫ್ ಇಟ್ಕೊಳ್ತಿರ್ಲಿಲ್ಲ,” ಎಂದರು. “ಇದು ಅಪ್ಪ ಹೇಳಿದ್ದಲ್ಲ.”

ನಾನು ತಲೆ ತಗ್ಗಿಸಿದೆ. ಹಾಸನದ ಬಸ್ಸಿನ ಕಂಡಕ್ಟರು ಸೀಟಿ ಊದಿದ. ಸುಧಾ ಹೊರಟುಹೋಗುತ್ತಾರೆಂದು ಕಾದೆ. ಹೋಗಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತರು.

“ಇರ್ಲಿ,” ಎಂದರು. “ಬ್ಯಾಗ್ ಅಂತ ಮಾಡಿ. ಮುಂದೆ ಹೇಳಿ.”

ನಾನು ಅವರ ಪಕ್ಕದಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತೆ. “ಬ್ಯಾಗ್ ಹಾಕಿ ಸೀಟು ಹಿಡಿದಿರ್ತಾರೆ,” ಎಂದೆ. “ಯಾರು ಕೇಳಿದ್ರೂ, ಜನ ಅವ್ರೆ, ಬತ್ತಾರೆ ಅಂತಿರ್ತಾರೆ.”